ತೋಟದ ಮರೆಗೆ ಯಾವ ಬೇಲಿ?

ಯಲಹಂಕ, ಜಾಲ, ಹೆಸರಘಟ್ಟದ ಕಡೆ ದ್ರಾಕ್ಷಿ ತೋಟದ ಮಗ್ಗುಲಲ್ಲೇ ಬಡಾವಣೆಗಳು ಎದ್ದಿವೆ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲಂತೂ ರಾಗಿ ಹೊಲವಿದ್ದ ಕಡೆ ಮನೆಗಳು ನಿಂತವು. ರಸ್ತೆಯ ಧೂಳು ಬೆಳೆಯ ಎಲೆಯ ಮೇಲೆ ಕೂರುತ್ತದೆ. ಹೋಗುವವರ ಬರುವವರ ಕಣ್ಣು ನಿಮ್ಮ ಅಂಗಳದವರೆಗೂ ಬರುತ್ತದೆ. ವರ್ಷವಿಡೀ ಹಸಿರಾಗಿದ್ದು ಮರೆ ಕೊಡುವ ಬೇಲಿ ಬೇಕೆಂದು ತಾವು ಬಯಸುವುದು ನ್ಯಾಯವೇ ಸರಿ. ಆದರೆ ಗಿಡ ಕೊಳ್ಳುವಾಗ “ಯಾವುದು ಬೇಗ ಬೆಳೆಯುತ್ತದೆ?” ಎಂಬುದೊಂದನ್ನೇ ಕೇಳುವುದನ್ನು ನಾನು ಒಪ್ಪುವುದಿಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನೀರು ಕೊಡದಿದ್ದರೂ ಅದು ಹಸಿರಾಗಿರುತ್ತದೆಯೇ ಎಂದು ಮೊದಲು ಕೇಳಬೇಕು. ಸಾವಿರ ಅಡಿ ದಾಟಿದ ಕೊಳವೆ ಬಾವಿಯ ನೀರನ್ನು ಬೇಲಿಗೆ ಹಾಯಿಸುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಬೇಗ ಬೆಳೆಯುವ ಗಿಡವೆಂದು ಈಚೆಗೆ ಎಲ್ಲೆಡೆ ಮಾರಾಟವಾಗುತ್ತಿರುವುದು ಕೊನೊಕಾರ್ಪಸ್. ಸೊಮಾಲಿಯಾ, ಯೆಮೆನ್ ಕಡೆಯ ಗಿಡ. ನೋಡಲು ದಟ್ಟ ಹಸಿರು, ನಿಜ. ಆದರೆ ಇದರ ಬೇರು ನೀರನ್ನು ಹುಡುಕಿಕೊಂಡು ಪೈಪು, ಚರಂಡಿಗಳಿಗೆ ನುಗ್ಗುತ್ತದೆ. ಹೂವಿನ ಪರಾಗದಿಂದ ಉಸಿರಾಟದ ತೊಂದರೆಯೂ ಉಂಟೆಂದು ಗುಜರಾತಿನ ಅರಣ್ಯ ಇಲಾಖೆ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ನೀಲಗಿರಿಯನ್ನು ಊರೂರಿಗೆ ಹಬ್ಬಿಸಿ, ಕೊನೆಗೆ 2017ರಲ್ಲಿ ನಮ್ಮ ಸರ್ಕಾರವೇ ಅದನ್ನು ನೆಡಬಾರದೆಂದು ಆದೇಶಿಸಿದ್ದನ್ನು ಕಂಡ ನಾವು ಇನ್ನೊಂದು ಗಿಡದಿಂದ ಅದೇ ಪಾಠ ಕಲಿಯಬೇಕಾಗಿಲ್ಲ. ಹಳದಿ ಹಣ್ಣಿನ ದುರಂತಾ ಕೂಡ ಬೇಡ. ಇಟಲಿಯ ದುರಾಂತೆ ಎಂಬ ಸಸ್ಯಜ್ಞರ ನೆನಪಿಗೆ ಇಟ್ಟ ಹೆಸರದು. ಆದರೂ ಹಣ್ಣು ವಿಷವಾದ್ದರಿಂದ ಮಕ್ಕಳೂ ಕರುಗಳೂ ಇರುವ ಮನೆಗೆ ಕನ್ನಡದ ಅರ್ಥವೇ ಹೊಂದುತ್ತದೆ. ಕಣಗಿಲೆಯಂತೂ ಬೇರಿನಿಂದ ಹೂವಿನವರೆಗೆ ವಿಷ. ದನ ಕಟ್ಟುವವರು ಅದನ್ನು ಬೇಲಿಗೆ ನೆಡಬಾರದು.

ನನ್ನ ಆಯ್ಕೆ ಕವಳೆ. ನಿತ್ಯ ಹಸಿರು, ಕವಲೊಡೆದ ಗಟ್ಟಿ ಮುಳ್ಳು, ಹಾಲು ಒಸರುವ ಕೊಂಬೆ. ಮೇಕೆ ಬಾಯಿ ಹಾಕುವುದು ಕಡಿಮೆ. ಕೆಂಪು ಜಲ್ಲಿ ಮಣ್ಣಿನಲ್ಲೂ ಬರುತ್ತದೆ. ಉಪ್ಪಿನಕಾಯಿಗೆ ಕಾಯಿ ಬರುವುದು ಮೇಲಿನ ಲಾಭ. ಮೊದಲೆರಡು ವರ್ಷ ನಿಧಾನ, ಇದು ಅದರ ದೋಷ. ಆದುದರಿಂದ ಹೊರಸಾಲಿಗೆ ಕವಳೆ, ಒಳಸಾಲಿಗೆ ಬಂದರೆ ಗಿಡ ನೆಡುವುದು ಲೇಸು. ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಬಂದರೆಯನ್ನು ದನ ಮುಟ್ಟುವುದಿಲ್ಲ, ಬರಕ್ಕೆ ಜಗ್ಗುವುದಿಲ್ಲ, ಕತ್ತರಿಸಿದಷ್ಟೂ ಒತ್ತಾಗುತ್ತದೆ.

ಕವಳೆಯ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದ ಕೂಡಲೇ ಪಾತಿಗೆ ಹಾಕಿರಿ. ಬಂದರೆ ಬೀಜದ ಸಿಪ್ಪೆ ಗಡುಸು. ಬಿಸಿನೀರಿನಲ್ಲಿ ನೆನೆಸಿ ಬಿತ್ತಬೇಕು. ಮುಂದಿನ ಮುಂಗಾರಿನಲ್ಲಿ ಸಸಿಗಳನ್ನು ಎರಡೆರಡು ಅಡಿಗೆ, ಎರಡು ಸಾಲಿನವು ಎದುರುಬದುರಾಗದಂತೆ ನೆಡಿರಿ. ಬೇರೂರಿದ ಮೇಲೆ ಒಂದು ಅಡಿ ಎತ್ತರದಲ್ಲಿ ತುದಿ ಚಿವುಟಬೇಕು. ಮರುಕಪಟ್ಟು ಬಿಟ್ಟರೆ ಗಿಡ ಮೇಲಕ್ಕೇರಿ ಬುಡ ಬರಿದಾಗುತ್ತದೆ, ಅಲ್ಲಿಂದಲೇ ನಾಯಿ, ಹಂದಿ ನುಸುಳುತ್ತವೆ. ಸವರುವಾಗಲೂ ಬುಡ ಅಗಲ, ನೆತ್ತಿ ಕಿರಿದಾಗಿರಲಿ. ಕೆಳಗಿನ ಎಲೆಗೂ ಬಿಸಿಲು ಬೇಕು. ಬೇಲಿಗೂ ಬೆಳೆಗೂ ನಡುವೆ ಎರಡು ಅಡಿ ಆಳದ ಕಾಲುವೆ ತೆಗೆದು, ವರ್ಷಕ್ಕೊಮ್ಮೆ ಅದನ್ನು ಬಿಡಿಸುತ್ತಿದ್ದರೆ ಬೇಲಿಯ ಬೇರು ಬೆಳೆಯ ಸಾರಕ್ಕೆ ಕೈ ಹಾಕುವುದಿಲ್ಲ.

ಪಕ್ಕದ ಮೂರಂತಸ್ತಿನ ಮಹಡಿಯಿಂದ ಬೀಳುವ ನೋಟವನ್ನು ಆರಡಿಯ ಬೇಲಿ ತಡೆಯದು. ಅದಕ್ಕೆ ಗಡಿಯಲ್ಲಿ ಎತ್ತರದ ಮರ ಬೇಡ. ಅಂಗಳದ ಹತ್ತಿರವೇ ಒಂದು ಹಲಸೋ ಮಾವೋ ಇದ್ದರೆ ಸಾಕು. ಮರೆಯಾಗಬೇಕಾದ ಜಾಗಕ್ಕೆ ಮರ ಹತ್ತಿರವಿದ್ದಷ್ಟೂ ಮೇಲಿನ ನೋಟ ಕಡಿಯುತ್ತದೆ.

ಗುಂಡಿ ತೋಡುವ ಮೊದಲು ಅಳತೆಯವರಿಂದ ಗಡಿ ಕಲ್ಲು ಗುರುತಿಸಿಕೊಳ್ಳಿ. ಗೇಣು ಭೂಮಿಗೆ ಬಡಾವಣೆಯವರು ನೋಟೀಸು ಕೊಡುವ ಕಾಲವಿದು. ಗಡಿಯಿಂದ ಮೂರಡಿ ಒಳಗೆ ನೆಟ್ಟರೆ ಆಚೆ ಬದಿಯನ್ನು ಸವರಲು ನಿಮ್ಮದೇ ಜಾಗ ಉಳಿಯುತ್ತದೆ.