ಕೊಂದವರ ಹೇಳಿಕೆ ಮತ್ತು ಚರಿತ್ರೆಯ ಆಕರ

ಅಪರಾಧಿಯ ಹೇಳಿಕೆಯನ್ನು ಚರಿತ್ರೆಯ ಆಕರವಾಗಿ ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬ ಪ್ರಶ್ನೆ, ಜರ್ಮನಿಯ 101ನೆಯ ಮೀಸಲು ಪೊಲೀಸ್ ಪಡೆಯನ್ನು ಕುರಿತ ವಾಗ್ವಾದದಲ್ಲಿ ತೀವ್ರವಾಗಿ ಎದುರಾಗುತ್ತದೆ. ಹ್ಯಾಂಬರ್ಗ್ ನಗರದ, ಬಹುಮಟ್ಟಿಗೆ ನಡುವಯಸ್ಸಿನ, ಸುಮಾರು 500 ಜನರ ಈ ಪಡೆ 1942ರ ಜುಲೈ 13ರಂದು ಪೋಲೆಂಡಿನ ಯುಜೆಫುಫ್‌ನಲ್ಲಿ ಸುಮಾರು 1,500 ಯಹೂದಿಗಳನ್ನು ಗುಂಡಿಟ್ಟು ಕೊಂದಿತು. ಎರಡು ದಶಕಗಳ ನಂತರ ಹ್ಯಾಂಬರ್ಗ್‌ನ ಸರ್ಕಾರಿ ಅಭಿಯೋಜಕರು ಇವರನ್ನು ವಿಚಾರಣೆಗೊಳಪಡಿಸಿದರು. ಅವರಲ್ಲಿ 210 ಮಂದಿಯ ಹೇಳಿಕೆಗಳನ್ನು ಆಧರಿಸಿ ಕ್ರಿಸ್ಟೋಫರ್ ಬ್ರೌನಿಂಗ್ 1992ರಲ್ಲಿ ಇವರನ್ನು ‘ಸಾಮಾನ್ಯ ಮನುಷ್ಯ’ರೆಂದು ಕರೆದರು. ಅವೇ ಕಡತಗಳನ್ನು ಓದಿದ ಡೇನಿಯಲ್ ಗೋಲ್ಡ್‌ಹೇಗನ್ 1996ರಲ್ಲಿ ಜರ್ಮನ್ ಸಮಾಜದ ಯಹೂದಿದ್ವೇಷವೇ ಇದರ ಮೂಲವೆಂದರು.

ಇಲ್ಲಿರುವುದು ಮುಖ್ಯವಾಗಿ ಓದಿನ ಭಿನ್ನತೆ. ತಮ್ಮನ್ನು ಸಮರ್ಥಿಸಿಕೊಳ್ಳುವ ಮಾತುಗಳನ್ನು, ಬೇರೆ ಆಧಾರವಿಲ್ಲದ ಹೊರತು, ತಳ್ಳಿಹಾಕಬೇಕೆಂಬುದು ಗೋಲ್ಡ್‌ಹೇಗನ್ನರ ನಿಯಮ. ಮೇಲುನೋಟಕ್ಕೆ ಇದು ಕಟ್ಟುನಿಟ್ಟಿನ ವಿಧಾನ. ಆದರೆ ಅಳುಕು, ಹೇಸಿಗೆ, ನಿರಾಕರಣೆಗಳೆಲ್ಲ ಸಮರ್ಥನೆಯೆಂದು ಹೊರಬಿದ್ದ ಮೇಲೆ ಉಳಿಯುವುದು ದ್ವೇಷ ಮಾತ್ರ. ಪ್ರಮೇಯವೇ ತನ್ನ ಆಕರವನ್ನು ಆರಿಸಿಕೊಂಡಂತಾಯಿತು. ಶಾಸನದ ಪ್ರಶಸ್ತಿಭಾಗವನ್ನು ಉತ್ಪ್ರೇಕ್ಷೆಯೆಂದು ಪೂರ್ತಿ ಬಿಟ್ಟುಬಿಡುವ ಸಂಶೋಧಕನನ್ನು ನಾವು ಒಪ್ಪುವುದಿಲ್ಲವಷ್ಟೆ.

ಒಂದು ನಿದರ್ಶನವನ್ನು ಗಮನಿಸಬಹುದು. ಅಂದು ಬೆಳಗ್ಗೆ ಮೇಜರ್ ಟ್ರಾಪ್, ಈ ಕೆಲಸ ತಮ್ಮಿಂದಾಗದೆನ್ನುವ ಹಿರಿಯರು ಹಿಂದೆ ಸರಿಯಬಹುದೆಂದ. ಸುಮಾರು ಹನ್ನೆರಡು ಮಂದಿ ಸರಿದರು. ಸರಿದವರಿಗೆ ಈ ಸಂಗತಿ ಅನುಕೂಲವಾದರೂ, ಉಳಿದವರ ‘ಆಜ್ಞೆಯಿತ್ತು, ಬೇರೆ ದಾರಿಯಿರಲಿಲ್ಲ’ ಎಂಬ ವಾದವನ್ನು ಅದು ಮುರಿಯುತ್ತದೆ. ಆದ್ದರಿಂದಲೇ ಹಲವರು ಅದನ್ನು ಅಲ್ಲಗಳೆಯಲಾಗದೆ, ತಮಗೆ ಆ ಮಾತು ಕೇಳಿಸಲಿಲ್ಲ, ನೆನಪಿಲ್ಲ ಎಂದರು. ಈ ‘ಕೇಳಿಸಲಿಲ್ಲ’ ಎಂಬುದು ಸುಳ್ಳೇ ಇರಬಹುದು. ಆದರೂ ಅವಕಾಶವಿತ್ತೆಂಬುದಕ್ಕೆ ಅದೇ ಸಾಕ್ಷಿ. ಸುಳ್ಳನ್ನು ಹೀಗೆ ಓದುವಲ್ಲಿ ಬ್ರೌನಿಂಗ್ ಅವರ ಹೆಚ್ಚುಗಾರಿಕೆಯಿದೆ ಎಂಬುದು ನನ್ನ ಅಭಿಪ್ರಾಯ.

ಮೌನದ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಜರ್ಮನ್ ಕಾನೂನಿನಲ್ಲಿ ಕೊಲೆಯ ಆರೋಪಕ್ಕೆ ‘ನೀಚ ಉದ್ದೇಶ’ವೂ ಒಂದು ಲಕ್ಷಣ. ಯಹೂದಿದ್ವೇಷವನ್ನು ಒಪ್ಪಿಕೊಂಡರೆ ಅಪರಾಧವನ್ನೇ ಒಪ್ಪಿಕೊಂಡಂತೆ. ಜೊತೆಗಾರನ ದ್ವೇಷವನ್ನು ಹೇಳಿದರೆ ಅವನನ್ನು ಒಪ್ಪಿಸಿಕೊಟ್ಟಂತೆ. ಹೀಗಾಗಿ ಆ ವಿಷಯದಲ್ಲಿ ಕಡತಗಳು ಬಹುತೇಕ ಮೂಕವಾಗಿವೆ. ಈ ಮೌನವನ್ನು ದ್ವೇಷದ ಅಭಾವವೆಂದು ಎಣಿಸಲಾಗದು. ಬ್ರೌನಿಂಗ್ ಇದನ್ನು ಬಲ್ಲರಾದರೂ, ‘ಸಾಮಾನ್ಯ’ ಎಂಬ ಅವರ ಶೀರ್ಷಿಕೆ ಅದನ್ನು ಕೊಂಚ ಮರೆಸುತ್ತದೆ. ಯಹೂದಿಗಳನ್ನು ಹಿಡಿದುಕೊಟ್ಟ ಪೋಲಿಷ್ ಜನರ ಬಗ್ಗೆ ಮಾತ್ರ ಇದೇ ಪೊಲೀಸರು ವಿಸ್ತಾರವಾಗಿ, ತಿರಸ್ಕಾರದಿಂದ ಮಾತಾಡಿದ್ದಾರೆ.