ಕ್ಲಿಪ್ ಆಮೇಲೆ, ಮೊದಲು ಡಿಸ್ಕ್ ಉಳಿಸಿ

ರಾಜ್ಯೋತ್ಸವಕ್ಕೆ ಮನೆಮಂದಿಯ ಹಳೇ ದೃಶ್ಯಗಳನ್ನು ಸೇರಿಸಿ ಮೂರು ನಿಮಿಷದ ವಿಡಿಯೊ ಮಾಡೋಣ ಅಂತ ನಾವು ನಾಲ್ಕು ಜನ ಹೊರಟೆವು. ನಮ್ಮಲ್ಲೊಬ್ಬನ ಮನೆ ಬೀರುವಿನಲ್ಲಿ 2009ರ ಗೃಹಪ್ರವೇಶದ ಡಿವಿಡಿ ಇತ್ತು. ಅವನ ಮಾವ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದು, ಮನೆ ಕಂಪ್ಯೂಟರಿನಲ್ಲೇ ರೈಟ್ ಮಾಡಿದ್ದು. ಹತ್ತು ನಿಮಿಷದ ಕೆಲಸ ಅಂದುಕೊಂಡೆವು. ಎರಡು ರಾತ್ರಿ ಹೋಯಿತು.

ನಮ್ಮ ಯಾರ ಲ್ಯಾಪ್‌ಟಾಪಿನಲ್ಲೂ ಡಿವಿಡಿ ಡ್ರೈವ್ ಇಲ್ಲ! ಸೀನಿಯರ್ ಒಬ್ಬರ ಹತ್ತಿರ ಯುಎಸ್‌ಬಿ ಡ್ರೈವ್ ಕೇಳಿ ತಂದೆವು. ಡಿಸ್ಕಿನ ಒಳಗೆ ಒಂದು ಫೋಲ್ಡರ್, ಅದರಲ್ಲಿ ವಿಒಬಿ ಫೈಲ್‌ಗಳು. ಯಾವುದೂ 1 ಜಿಬಿ ಮೀರದ ಹಾಗೆ ತುಂಡಾಗಿರುತ್ತವೆ. ತುಂಡಾಗೋದು ಗಾತ್ರ ನೋಡಿ, ದೃಶ್ಯ ನೋಡಿ ಅಲ್ಲ. ಒಂದನ್ನೇ ಎಡಿಟರಿಗೆ ಹಾಕಿದ್ರೆ ಪೂಜೆ ಅರ್ಧಕ್ಕೇ ನಿಲ್ಲುತ್ತೆ. ಮೇಕ್‌ಎಂಕೆವಿ ಈ ತುಂಡುಗಳನ್ನು ಸೇರಿಸಿ, ಮತ್ತೆ ಕಂಪ್ರೆಸ್ ಮಾಡದೆ ಒಂದೇ ಫೈಲ್ ಕೊಡುತ್ತೆ. ಹ್ಯಾಂಡ್‌ಬ್ರೇಕ್ ಮತ್ತೆ ಎನ್‌ಕೋಡ್ ಮಾಡುತ್ತೆ. ಫೈಲ್ ಚಿಕ್ಕದಾಗುತ್ತೆ, ಸ್ವಲ್ಪ ಸ್ಪಷ್ಟತೆಯೂ ಹೋಗುತ್ತೆ. ನಮ್ಮ ಡಿಸ್ಕಿನಲ್ಲಿ ಇದ್ದದ್ದೇ 720×576 ಪಿಕ್ಸೆಲ್, ಅದರಲ್ಲೂ ಕಳೆದುಕೊಳ್ಳೋದು ಯಾಕೆ?

ಇಷ್ಟೆಲ್ಲ ಕಲಿತ ಮೇಲೂ ನಾವು ಒಂದು ತಪ್ಪು ಮಾಡಿದೆವು. ಹೋಮ, ಹಾಲು ಉಕ್ಕಿಸಿದ್ದು, ಗ್ರೂಪ್ ಫೋಟೊ, ಈ ಮೂರು ಕ್ಲಿಪ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಡಿಲೀಟ್ ಮಾಡಿದೆವು. ಊಟದ ಪಂಕ್ತಿ ಬೋರು ಅಂತ ಪೂರ್ತಿ ನೋಡಲೂ ಇಲ್ಲ.

ವಿಡಿಯೊ ನೋಡಿದ ಗೆಳೆಯನ ಅಮ್ಮ ಕೇಳಿದ್ದು ಒಂದೇ ಮಾತು: "ಅಜ್ಜಿ ಎಲ್ಲೋ?"

ಅಜ್ಜಿ ಇದ್ದದ್ದು ಆ ಪಂಕ್ತಿಯಲ್ಲಿ. ಮತ್ತೆ ಡಿಸ್ಕ್ ಹಾಕಿದರೆ ಡ್ರೈವ್ ಅಲ್ಲೇ ಕಿರ್ರ್ ಅಂತ ನಿಂತಿತು. ಕೊನೆಗೆ ಬೇರೆ ಹಳೇ ಡೆಸ್ಕ್‌ಟಾಪ್ ಒಂದು ಓದಿತು, ಆದರೆ ಮಧ್ಯದ ಎರಡು ನಿಮಿಷ ಸಿಗಲೇ ಇಲ್ಲ. ಸಿಕ್ಕಿದ್ದು ಇಷ್ಟು: "ಏ, ಆ ಹುಡುಗಂಗೆ ಇನ್ನೊಂದು ಹೋಳಿಗೆ ಹಾಕ್ರೋ." ಅಜ್ಜಿ ಈಗಿಲ್ಲ. ಆ ಮನೆಯಲ್ಲಿ ಅವರ ದನಿ ಅಂತ ಉಳಿದಿರೋದು ಅದೊಂದೇ.

ಎಡಿಟಿಂಗ್ ಅಂದರೆ ಬೇಡದ್ದನ್ನು ಕತ್ತರಿಸೋದು, ಸರಿ. ಆದರೆ ಯಾವುದು ಬೇಡದ್ದು ಅಂತ ತೀರ್ಮಾನಿಸೋಕೆ ನಾವ್ಯಾರು? ಆ ದಿನ ನಮಗೆ ನಾಲ್ಕೈದು ವರ್ಷ ವಯಸ್ಸು. ಅಲ್ಲಿರುವ ಮುಖಗಳ ಹೆಸರು ಗೊತ್ತಿರೋದು ಮನೆಯ ಹಿರಿಯರಿಗೆ.

ಎರಡು ಗಂಟೆ ವಿಡಿಯೊ ಯಾರು ನೋಡ್ತಾರೆ ಅಂತ ಕೇಳಬಹುದು. ಯಾರೂ ನೋಡದಿದ್ರೂ ಇರಲಿ. ಒಂದು ಡಿವಿಡಿ ಅಂದ್ರೆ 4.7 ಜಿಬಿ, ನಾವು ಡೌನ್‌ಲೋಡ್ ಮಾಡೋ ಗೇಮ್‌ಗಳ ಮುಂದೆ ಏನೂ ಅಲ್ಲ. ಮನೆಯಲ್ಲಿ ರೈಟ್ ಮಾಡಿದ ಡಿಸ್ಕಿನಲ್ಲಿ ಡೇಟಾ ಇರೋದು ತೆಳುವಾದ ಬಣ್ಣದ ಪದರದಲ್ಲಿ. ಬಿಸಿಲು, ಶಾಖ, ತೇವಕ್ಕೆ ಅದು ಹಾಳಾಗುತ್ತೆ. ಬೀರುವಿನಲ್ಲಿ ಭದ್ರವಾಗಿದೆ ಅನ್ನೋದು ನಮ್ಮ ಭ್ರಮೆ.

ಹಾಗಾಗಿ ಈ ಸೆಮಿಸ್ಟರ್ ರಜೆಗೆ ಊರಿಗೆ ಹೋಗುವಾಗ ಒಂದು ಡ್ರೈವ್ ಕೇಳಿ ತಗೊಂಡು ಹೋಗೋಣ. ಮೊದಲು ಇಡೀ ಡಿಸ್ಕ್ ಕಾಪಿ ಮಾಡಿ ಎರಡು ಕಡೆ ಇಡೋಣ. ಆಮೇಲೆ ಅಮ್ಮನನ್ನೋ ಅಜ್ಜನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಯಾರು ಯಾರು ಅಂತ ಕೇಳಿ ಬರೆದುಕೊಳ್ಳೋಣ. ರೀಲ್ಸ್ ಅದಾದ ಮೇಲೆ.