ಮಗ್ಗ ಕಳಕೊಂಡವರು, ಮಗ್ಗ ಮುಟ್ಟಗೊಡದವರು

ಕಾರ್ಖಾನೆಗೆ ರೋಬೋಟು ಬಂತು, ಕೆಲಸ ಹೋಯ್ತು, ಹೊಟ್ಟೆ ಉರಿದ ಕೂಲಿಕಾರ ಹೊರಗಿನಿಂದ ಬಂದವರನ್ನು ಓಡಿಸ್ತೀವಿ ಅನ್ನೋರಿಗೆ ಓಟು ಹಾಕಿದ. ಅಮೆರಿಕ, ಯೂರೋಪುಗಳ ಚುನಾವಣೆ ಅಳೆದ ಪಂಡಿತರು ಹೇಳುವ ಕತೆ ಇದು. ಪೂರಾ ಸುಳ್ಳಲ್ಲ. ಆದರೆ ಅದನ್ನೇ ಹೊತ್ತು ತಂದು 'ಯಂತ್ರ ಬಂದಲ್ಲಿ ಹಿಂಗೇ ಆಗೋದು' ಅಂತ ಇಲ್ಲಿ ಕೈ ತೊಳಕೊಳ್ಳೋರನ್ನು ನಾವು ಕೇಳಲೇಬೇಕು: ಕೆಲಸ ಕಿತ್ತವನ ಹೆಸರು ಮರೆಸಿ ಪಕ್ಕದ ಖೋಲಿಯವನ ಹೆಸರು ಕೂಲಿಕಾರನ ಕಿವಿಗೆ ಊದಿದವರು ಯಾರು?

ಮುಂಬಯಿ ನೋಡಿ. 1928ರಲ್ಲಿ ಬಟ್ಟೆ ಗಿರಣಿಗಳ ಒಡೆಯರು, ಎರಡು ಮಗ್ಗ ನೋಡುವವನು ಇನ್ನು ಮೂರು ನೋಡಲಿ ಅಂದರು. ಆಳು ಕಮ್ಮಿ, ಲಾಭ ಜಾಸ್ತಿ. ತಿಂಗಳುಗಟ್ಟಲೆ ಗಿರಣಿಗಳು ನಿಂತವು. ಆ ಮುಷ್ಕರದ ನಡುವೆಯೇ ಬಾಬಾಸಾಹೇಬರು ಕೇಳಿದರು: ಹೆಚ್ಚು ಕೂಲಿಯ ನೇಯ್ಗೆ ಖಾತೆಯಲ್ಲಿ ನಮ್ಮ ಜನ ಯಾಕಿಲ್ಲ? ಲಾಳಿಗೆ ಹೊಸ ನೂಲು ಹಾಕುವಾಗ ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕೂಲಿಕಾರ ಮುಟ್ಟಲೊಲ್ಲ. ಕೆಂಬಾವುಟ ಹಿಡಿದ ಕೈಯೂ ಮುಟ್ಟಲೊಲ್ಲದು! ಮಗ್ಗಕ್ಕೆ ಜಾತಿ ಇರಲಿಲ್ಲ, ಅದರ ಸುತ್ತ ನಿಂತವರಿಗಿತ್ತು. 'ಯಂತ್ರ ನಮ್ಮ ಕೆಲಸ ಕಿತ್ತಿತು' ಅನ್ನೋ ಅಳಲು ಕೇಳಿದಾಗೆಲ್ಲ ಆ 'ನಮ್ಮ' ಒಳಗೆ ನಾವು ಇದ್ದೆವಾ ಅಂತ ನಮಗೆ ಅನುಮಾನ.

ಹಾಗಂತ ಬಾಬಾಸಾಹೇಬರು ಕೂಲಿಕಾರರನ್ನು ಬಿಟ್ಟುಕೊಡಲಿಲ್ಲ. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು, 1937ರಲ್ಲಿ ಗೆದ್ದರು, 1938ರ ನವೆಂಬರ್ 7ರಂದು ಮುಷ್ಕರದ ಹಕ್ಕು ಕಸಿಯುವ ಮಸೂದೆ ವಿರುದ್ಧ ಕಮ್ಯುನಿಸ್ಟರ ಜೊತೆಗೇ ಗಿರಣಿ ನಿಲ್ಲಿಸಿದರು.

ಮುಂದೆ 1966ರಲ್ಲಿ ಶಿವಸೇನೆ ಬಂತು. ಕೆಲಸ ಇಲ್ಲದ ಮರಾಠಿ ಹುಡುಗರಿಗೆ ಅದು ತೋರಿಸಿದ್ದು ಗಿರಣಿ ಒಡೆಯನನ್ನಲ್ಲ, ದಕ್ಷಿಣದವರನ್ನು. ಉಡುಪಿ ಹೋಟೆಲಿನವನೂ ವೈರಿಯಾದ. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮಾತಿಗೆ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಒಡೆಯರು ಭಿವಂಡಿಯ ಪವರ್‌ಲೂಮುಗಳಲ್ಲಿ ಬಟ್ಟೆ ನೇಯಿಸಿಕೊಂಡು ತಣ್ಣಗೆ ಕೂತರು. ಆದರೂ 1984ರಲ್ಲಿ ದೇಶವೆಲ್ಲಾ ಕಾಂಗ್ರೆಸ್ ಅಲೆಯಲ್ಲಿ ಕೊಚ್ಚಿಹೋದಾಗ, ಗಿರಣಿ ಸೀಮೆಯ ದಕ್ಷಿಣ ಮಧ್ಯ ಮುಂಬಯಿ ಸಾಮಂತರನ್ನೇ ಲೋಕಸಭೆಗೆ ಕಳಿಸಿತು. ಒಲೆ ಆರಿತ್ತು, ಓಟು ದಾರಿ ತಪ್ಪಿರಲಿಲ್ಲ. 1989ರಲ್ಲಿ ಅದೇ ಕ್ಷೇತ್ರ ಶಿವಸೇನೆಯದಾಯ್ತು. ಈ ಐದು ವರ್ಷದಲ್ಲಿ ಹೊಸದಾಗಿ ಬಂದದ್ದು ಯಂತ್ರ ಅಲ್ಲ ಕಣ್ರೀ, ಮುರಿದದ್ದು ಸಂಘ. ಪಂಡಿತರ ಲೆಕ್ಕದಲ್ಲಿ ಈ ಕಲಮೇ ಇಲ್ಲ.

ಇನ್ನೊಂದು ಮಾತು. ಕೂಲಿ ಉಳಿಸೋ ಕಡೆ ಯಂತ್ರ ಓಡಿ ಬರ್ತದೆ. ಜೀವ ಉಳಿಸೋ ಕಡೆ? ಮಲ ಹೊರುವ ಪದ್ಧತಿ ವಿರುದ್ಧ 1993ರಲ್ಲೊಂದು ಕಾನೂನು, 2013ರಲ್ಲಿ ಇನ್ನೊಂದು. ಮ್ಯಾನ್‌ಹೋಲಿನಲ್ಲಿ ನಮ್ಮವರು ಇವತ್ತಿಗೂ ಉಸಿರುಗಟ್ಟಿ ಸಾಯ್ತಿದ್ದಾರೆ. ಆ ಯಂತ್ರ ಬಂದರೆ ನಾವು ಬೇಡ ಅನ್ನೋರಲ್ಲ, ತಮಟೆ ಬಡಿದು ಎದುರುಗೊಳ್ತೀವಿ. ಓಟು ಕೇಳಕ್ಕೆ ಕೇರಿಗೆ ಬಂದವರನ್ನು ನಿಲ್ಲಿಸಿ ಕೇಳೋಣ: ನಮ್ಮ ಊರಿನ ಚರಂಡಿಗೆ ಯಂತ್ರ ಯಾವಾಗ? ಅದರ ಚಾಲಕನ ಕಾಯಂ ಕೆಲಸ ಇಷ್ಟು ದಿನ ಗುಂಡಿಗೆ ಇಳಿದವನಿಗೋ, ಕಂಟ್ರಾಕ್ಟರನ ಭಾಮೈದನಿಗೋ?